ಮಹಿಳಾ ಸಮ್ಮೇಳನ ಶುರು ಮಾಡಿದ್ದು ಐರ್ಲೆಂಡಿನ ಮಾರ್ಗರೆಟ್ಟೋ, ಮಂಗಳೂರಿನ ಕಮಲಾದೇವಿಯೋ?

ಓದುಗರ ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಅಖಿಲ ಭಾರತ ಮಹಿಳಾ ಸಮ್ಮೇಳನದ ಸ್ಥಾಪಕಿ ಮಾರ್ಗರೆಟ್ ಕಸಿನ್ಸ್ ಎಂದು ಒಂದು ಗೈಡಿನಲ್ಲಿದೆ. ಇನ್ನೊಂದರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಹೆಸರಿದೆ. ಯಾವುದು ಸರಿ?

ಪರೀಕ್ಷೆಗೆ ಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಥಾಪಕಿ ಯಾರು ಎಂದು ಕೇಳಿದರೆ ಮಾರ್ಗರೆಟ್ ಕಸಿನ್ಸ್ ಎಂದು ಬರೆಯಿರಿ. ಮೊದಲ ಸಂಘಟನಾ ಕಾರ್ಯದರ್ಶಿ ಎಂದರೆ ಕಮಲಾದೇವಿ. ಮಾರ್ಕ್ಸ್ ಸಿಗುತ್ತದೆ. ಆದರೆ ಅಸಲು ಕಥೆ ಶುರುವಾಗಿದ್ದು ಇವರಿಬ್ಬರಿಂದಲೂ ಅಲ್ಲ, ಒಬ್ಬ ಬ್ರಿಟಿಷ್ ಅಧಿಕಾರಿಯ ಭಾಷಣದಿಂದ.

ಆತನ ಹೆಸರು ಓಟನ್. ಬಂಗಾಳದ ಶಿಕ್ಷಣ ಇಲಾಖೆಯ ಮುಖ್ಯಸ್ಥ. ಕೋಲ್ಕತ್ತದ ಬೆಥೂನ್ ಕಾಲೇಜಿನಲ್ಲಿ ಬಹುಮಾನ ಹಂಚುವ ಸಮಾರಂಭಕ್ಕೆ ಹೋದಾಗ ಆತ ಒಂದು ಮಾತು ಹೇಳಿದ. ಹೆಣ್ಣುಮಕ್ಕಳಿಗೆ ಎಂಥ ಶಿಕ್ಷಣ ಬೇಕು ಎನ್ನುವುದನ್ನು ಹೆಂಗಸರೇ ಒಟ್ಟಾಗಿ ಹೇಳಲಿ, ಬಿಡದೆ ಹೇಳುತ್ತಲೇ ಇರಲಿ ಎಂದ. (ಈ ಓಟನ್ ನಿಮಗೆ ಪರಿಚಯ ಇರಬಹುದು. 1916ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಏಟು ತಿಂದಿದ್ದ ಮೇಷ್ಟ್ರು ಈತನೇ. ಆ ಪ್ರಕರಣದಲ್ಲೇ ಸುಭಾಷ್ ಚಂದ್ರ ಬೋಸರನ್ನು ಕಾಲೇಜಿನಿಂದ ಹೊರಗೆ ಹಾಕಿದ್ದು.)

ಭಾಷಣ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆ ಕಾಲೇಜಿನಲ್ಲಿ ಕೆಲಸ ಮಾಡಿದ್ದ ಒಬ್ಬ ಮಹಿಳೆ ಇದೇ ವಿಷಯ ಹಿಡಿದು ಮದರಾಸಿನ 'ಸ್ತ್ರೀಧರ್ಮ' ಪತ್ರಿಕೆಗೆ ಬರೆದರು. ಅದು ಅಡ್ಯಾರಿನಲ್ಲಿ 1917ರಲ್ಲಿ ಹುಟ್ಟಿದ ಭಾರತೀಯ ಮಹಿಳಾ ಸಂಘದ ಪತ್ರಿಕೆ. ಆ ಸಂಘ ಕಟ್ಟಿದವರಲ್ಲಿ ಮಾರ್ಗರೆಟ್ ಒಬ್ಬರು. ಅವರು ಅದನ್ನು ಓದಿ ಸುಮ್ಮನೆ ಕೂರಲಿಲ್ಲ. 1926ರಲ್ಲಿ ದೇಶದ ಬೇರೆ ಬೇರೆ ಊರುಗಳ ಮಹಿಳೆಯರಿಗೆ ಪತ್ರ ಬರೆದರು. ನಿಮ್ಮೂರಲ್ಲಿ ಸಭೆ ಸೇರಿ, ಹುಡುಗಿಯರ ಓದಿನ ಬಗ್ಗೆ ಮಾತಾಡಿ, ಪ್ರತಿನಿಧಿಗಳನ್ನು ಆರಿಸಿ ಪುಣೆಗೆ ಕಳಿಸಿ ಎಂದು ಕೇಳಿಕೊಂಡರು.

ನನಗೆ ಬಹಳ ಹಿಡಿಸುವ ಭಾಗ ಇದು. ಪುಣೆಯ ಸಭೆಗೆ ಮೊದಲೇ ಇಪ್ಪತ್ತಕ್ಕೂ ಹೆಚ್ಚು ಕಡೆ ಸ್ಥಳೀಯ ಸಭೆಗಳು ನಡೆದವು. ಫೋನಿಲ್ಲ, ಓಡಾಟಕ್ಕೆ ರೈಲು, ಮಾತುಕತೆಗೆ ಅಂಚೆ. ಅದೂ ಮನೆಯಿಂದ ಹೊರಗೆ ಕಾಲಿಡಲು ಅನುಮತಿ ಬೇಕಾಗಿದ್ದ ಕಾಲ. ಪತ್ರ ಬರೆದದ್ದು ಒಬ್ಬರು, ನಿಜ. ಆದರೆ ಊರೂರಲ್ಲಿ ಜಮಖಾನ ಹಾಸಿ, ಅಕ್ಕಪಕ್ಕದವರನ್ನು ಕರೆದು ಕೂರಿಸಿ, ಠರಾವು ಬರೆಸಿದವರ ಹೆಸರು ಯಾವ ಗೈಡಿನಲ್ಲೂ ಇಲ್ಲ.

1927ರ ಜನವರಿಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಸಮ್ಮೇಳನ ನಡೆಯಿತು. ಅಧ್ಯಕ್ಷೆ ಬರೋಡದ ಮಹಾರಾಣಿ ಚಿಮ್ನಾಬಾಯಿ. ವಿಷಯ ಶಿಕ್ಷಣ ಸುಧಾರಣೆ ಮಾತ್ರ, ಬೇರೇನೂ ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಆದರೆ ಹುಡುಗಿಯರು ಯಾಕೆ ಶಾಲೆ ಬಿಡುತ್ತಾರೆ ಎಂದು ಮಾತು ತೆಗೆದ ಕೂಡಲೇ ಉತ್ತರ ಬಂತು: ಮದುವೆ. ಹತ್ತು ಹನ್ನೆರಡಕ್ಕೇ ಮದುವೆ ಮಾಡಿಬಿಟ್ಟರೆ ಯಾವ ಪಠ್ಯಕ್ರಮ ಸುಧಾರಿಸಿ ಏನು ಪ್ರಯೋಜನ? ಹೀಗಾಗಿ ಶಿಕ್ಷಣದ ಸಭೆಯಲ್ಲೇ ಬಾಲ್ಯವಿವಾಹದ ವಿರುದ್ಧ ನಿರ್ಣಯ ಆಯಿತು. ಆಮೇಲೆ ಈ ಮಹಿಳೆಯರು ಶಾರದಾ ಮಸೂದೆಯ ಬೆನ್ನಿಗೆ ನಿಂತರು. 1929ರಲ್ಲಿ ಆ ಕಾಯ್ದೆ ಬಂತು. ಹುಡುಗಿಗೆ 14, ಹುಡುಗನಿಗೆ 18 ಕನಿಷ್ಠ ವಯಸ್ಸು. ಜಾರಿ ಮಾತ್ರ ತೀರಾ ಸಡಿಲವಾಗಿತ್ತು, ಅದು ಬೇರೆ ವಿಷಯ. ಶಿಕ್ಷಣದ ಕೆಲಸವನ್ನೂ ಕೈಬಿಡಲಿಲ್ಲ. ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲಿ ಶುರುವಾಗಿದ್ದು ಇವರ ಪ್ರಯತ್ನದಿಂದಲೇ.

ಈಗ ಮಾರ್ಗರೆಟ್ ವಿಷಯ. ಐರ್ಲೆಂಡಿನಲ್ಲಿ ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡಿ ಜೈಲು ನೋಡಿ ಬಂದವರು. 1915ರಲ್ಲಿ ಗಂಡನ ಜೊತೆ ಭಾರತಕ್ಕೆ ಬಂದರು. ಸಂಗೀತ ಓದಿದ್ದರು. 1919ರಲ್ಲಿ ಟ್ಯಾಗೋರರು ಮದನಪಲ್ಲಿಗೆ ಬಂದಾಗ 'ಜನ ಗಣ ಮನ'ಕ್ಕೆ ಸ್ವರಲಿಪಿ ಬರೆದುಕೊಟ್ಟವರೂ ಇವರೇ. ಹೊರಗಿನವರು ಬಂದು ನಮಗೆ ಪಾಠ ಹೇಳಿದರು ಎಂದು ಕೆಲವರು ಮೂಗು ಮುರಿಯುತ್ತಾರೆ. ಆದರೆ 1932ರಲ್ಲಿ ಬ್ರಿಟಿಷ್ ಸರ್ಕಾರದ ವಿರುದ್ಧ ಮಾತಾಡಿ ವೆಲ್ಲೂರು ಜೈಲಿಗೂ ಹೋದವರು ಇದೇ ಮಾರ್ಗರೆಟ್. ಅಂಥವರನ್ನು ಹೊರಗಿನವರು ಅನ್ನುವುದು ಹೇಗೆ?

ಕಮಲಾದೇವಿ ಅವರನ್ನು ಚುನಾವಣೆಗೆ ಹುರಿದುಂಬಿಸಿದ್ದೂ ಮಾರ್ಗರೆಟ್ಟೇ. 1926ರಲ್ಲಿ ಮದರಾಸ್ ವಿಧಾನ ಪರಿಷತ್ತಿಗೆ ಮಂಗಳೂರಿನಿಂದ ನಿಂತರು. ಆಗ ದಕ್ಷಿಣ ಕನ್ನಡ ಮದರಾಸ್ ಪ್ರಾಂತ್ಯದಲ್ಲಿತ್ತು. ಹೆಂಗಸರು ಸ್ಪರ್ಧಿಸಬಹುದು ಎಂದು ನಿಯಮ ಬದಲಾಗಿದ್ದೇ ಆಗಷ್ಟೇ. ಪ್ರಚಾರಕ್ಕೆ ಸಿಕ್ಕ ಸಮಯ ಬಹಳ ಕಡಿಮೆ. ಆದರೂ ಸೋತದ್ದು ಸ್ವಲ್ಪವೇ ಅಂತರದಲ್ಲಿ. ಆ ಓಡಾಟದ ಅನುಭವ ಇದ್ದವರಿಗೆ ಮಹಿಳಾ ಸಮ್ಮೇಳನದ ಸಂಘಟನೆ ಒಪ್ಪಿಸಿದ್ದು ಸಹಜ ಅಲ್ವಾ? ಮುಂದೆ 1944ರಲ್ಲಿ ಅವರೇ ಅಧ್ಯಕ್ಷೆಯೂ ಆದರು.

ಇವರೆಲ್ಲ ದೊಡ್ಡ ಮನೆಯ ಹೆಂಗಸರು, ಮಹಾರಾಣಿಯರು, ಇಂಗ್ಲಿಷ್ ಬಲ್ಲವರು ಎಂಬ ಟೀಕೆ ಇದೆ. ಅದು ಸುಳ್ಳಲ್ಲ. ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಬೀಡಿ ಕಟ್ಟುವವಳಿಗೆ ಆ ಸಭೆಗಳಲ್ಲಿ ಕುರ್ಚಿ ಇರಲಿಲ್ಲ. ಆದರೆ 1931ರಲ್ಲಿ ಇದೇ ಸಮ್ಮೇಳನ ಇತರ ಮಹಿಳಾ ಸಂಘಗಳ ಜೊತೆ ಸೇರಿ ಕೇಳಿದ್ದು ಓದಿದವರಿಗೆ, ಆಸ್ತಿ ಇದ್ದವರಿಗೆ ಮಾತ್ರ ಮತ ಕೊಡಿ ಅಂತಲ್ಲ. ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ ಎಂದು. ಜೊತೆಗೆ ಮಹಿಳೆಯರಿಗೆ ಮೀಸಲು ಕ್ಷೇತ್ರ ಬೇಡ ಎಂದೂ ಹೇಳಿದ್ದರು! 2023ರ ಮಹಿಳಾ ಮೀಸಲಾತಿ ಕಾನೂನು ನೋಡಿದವರಿಗೆ ಇದು ವಿಚಿತ್ರ ಅನಿಸಬಹುದು. ಸಮಾನತೆ ಕೇಳುವವರು ರಿಯಾಯಿತಿ ಕೇಳಬಾರದು ಎನ್ನುವುದು ಅವರ ವಾದ. ನನಗಂತೂ ಆ ವಾದ ಆಸ್ತಿ, ಓದು, ನಂಟು ಎಲ್ಲ ಇದ್ದವರ ವಾದದ ಹಾಗೆ ಕಾಣುತ್ತದೆ. ಬ್ರಿಟಿಷರು 1935ರ ಕಾಯ್ದೆಯಲ್ಲಿ ಸೀಟುಗಳನ್ನು ಮೀಸಲಿಟ್ಟೇ ಬಿಟ್ಟರು.

ಸಮ್ಮೇಳನದಿಂದ ಬಂದ ಇನ್ನೊಬ್ಬರು ಹಂಸಾ ಮೆಹ್ತಾ. 1946ರಲ್ಲಿ ಅಧ್ಯಕ್ಷೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ 'ಎಲ್ಲ ಪುರುಷರೂ' ಎಂಬ ಅರ್ಥ ಬರುತ್ತಿದ್ದ ಕಡೆ 'ಎಲ್ಲ ಮಾನವರೂ' ಎಂದು ಬದಲಾಗಿದ್ದು ಅವರ ಹಟದಿಂದ.

ಗೌರವ ಯಾರಿಗೆ ಸಲ್ಲಬೇಕು ಎಂದು ಕೇಳುವಾಗ ನಾನು ಮಂಗಳೂರಿನ ಒಂದು ಹೆಸರು ಸೇರಿಸುತ್ತೇನೆ. ಗಿರಿಜಾಬಾಯಿ, ಕಮಲಾದೇವಿ ಅವರ ತಾಯಿ. ಗಂಡ ಉಯಿಲು ಬರೆಯದೆ ತೀರಿಕೊಂಡಾಗ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ಕಮಲಾದೇವಿಗೆ ಆಗ ಏಳು ವರ್ಷ. ಹೆಂಡತಿಗೆ, ಮಗಳಿಗೆ ಹಕ್ಕು ಅನ್ನುವುದು ಇಲ್ಲ ಎಂದು ಆ ಹುಡುಗಿಗೆ ಗೊತ್ತಾಗಿದ್ದು ಮನೆಯಲ್ಲೇ. ಮುಂದೆ ಮಹಿಳಾ ಸಮ್ಮೇಳನ ವರ್ಷಗಟ್ಟಲೆ ಹಿಡಿದು ಜಗ್ಗಿದ ವಿಷಯಗಳಲ್ಲಿ ಆಸ್ತಿ ಹಕ್ಕೂ ಒಂದು. 1937ರಲ್ಲಿ ವಿಧವೆಗೆ ಬದುಕಿರುವವರೆಗೆ ಮಾತ್ರ ಅನುಭವಿಸುವ ಪಾಲು ಸಿಕ್ಕಿತು. ಪೂರ್ತಿ ಒಡೆತನ ಬಂದಿದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ. ಆ ಹೊತ್ತಿಗೆ ಕಮಲಾದೇವಿಗೆ ಐವತ್ತಮೂರು ವರ್ಷವಾಗಿತ್ತು.