ಡ್ರಾಪ್‌ಔಟ್: ಹಳೇ ಬಿಎಂಎಕ್ಸ್ ಫೋರ್ಕಿಗೆ ಹೊಸ ಚಕ್ರ ಕೂರುವ ಜಾಗ

ಸೈಕಲ್ಲಿನ ಮುಂದಿನ ಫೋರ್ಕಿನ ಎರಡೂ ಕಾಲುಗಳ ತುದಿಯಲ್ಲಿ, ಕೆಳಗೆ ಬಾಯಿ ತೆರೆದ ಸೀಳು ಇರುವ ಚಪ್ಪಟೆ ಉಕ್ಕಿನ ತುಂಡು ಇರುತ್ತದಲ್ವಾ, ಅದೇ ಡ್ರಾಪ್‌ಔಟ್. ಚಕ್ರದ ಆಕ್ಸಲ್, ಅಂದರೆ ನಡುವಿನ ಅಡ್ಡ ಕಂಬಿ, ಈ ಸೀಳಿನೊಳಗೆ ಕೂರುತ್ತದೆ, ನಟ್ ಬಿಗಿ ಮಾಡಿದರೆ ಚಕ್ರ ನಿಲ್ಲುತ್ತದೆ.

1970ರ ಸುಮಾರಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟೋಕ್ರಾಸ್ (ಮಣ್ಣಿನ ಹಾದಿಯ ಬೈಕ್ ರೇಸ್) ನೋಡಿ, ಶ್ವಿನ್ ಸ್ಟಿಂಗ್‌ರೇಯಂಥ 20 ಇಂಚಿನ ಸೈಕಲ್ಲುಗಳನ್ನು ಮಣ್ಣಿನ ಹಾದಿಗೆ ಇಳಿಸಿದರು. ಬಿಎಂಎಕ್ಸ್, ಅಂದರೆ ಬೈಸಿಕಲ್ ಮೋಟೋಕ್ರಾಸ್, ಹುಟ್ಟಿದ್ದು ಹಾಗೆ. ಆ ಕಾಲದ ಹಲವು ಫೋರ್ಕುಗಳ ಸೀಳು 5/16 ಇಂಚಿನದು, ಅಂದರೆ ಸುಮಾರು 7.9 ಮಿ.ಮೀ. ಈಗಿನ ಮುಂಚಕ್ರದ ಆಕ್ಸಲ್ ಸಾಮಾನ್ಯವಾಗಿ 3/8 ಇಂಚು, ಸುಮಾರು 9.5 ಮಿ.ಮೀ. ವ್ಯತ್ಯಾಸ ಬರೀ 1.6 ಮಿ.ಮೀ., ಆದರೂ ಚಕ್ರ ಒಳಗೆ ಹೋಗಲ್ಲ.

ಜಾಸ್ತಿ ಜನ ಸೀಳನ್ನು ಉಜ್ಜಿ ಅಗಲ ಮಾಡಲು ಮೊದಲು ಅರ (ಫೈಲ್) ಕೈಗೆತ್ತಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೊನೆಯ ದಾರಿಯಾಗಬೇಕು. ಹೊಸ ಹಬ್ (ಆಕ್ಸಲ್ ಹಾದುಹೋಗುವ ಚಕ್ರದ ನಡುಭಾಗ) ನಾಳೆಯೂ ಸಿಗುತ್ತದೆ, ಅಷ್ಟು ಹಳೆಯ ಫೋರ್ಕ್ ಸಿಗಲ್ಲ. ಉಜ್ಜಿದ ಕಡೆ ಕ್ರೋಮ್ ಹೋಗಿ ತುಕ್ಕು ಹಿಡಿಯುತ್ತದೆ, ತೆಳು ಉಕ್ಕು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಹಬ್ಬಿನಲ್ಲಿ ಬಿಡಿ ಬಾಲ್ಸ್ ಇದ್ದರೆ, ಅದಕ್ಕೆ ಹೊಂದುವ ಕೋನ್ (ಬಾಲ್ಸ್ ಉರುಳುವ, ಆಕ್ಸಲ್ ಮೇಲಿನ ನಟ್) ಸಮೇತ 5/16ರ ಆಕ್ಸಲ್ ಹಾಕಿಸಿ. ಫೋರ್ಕ್ ಮುಟ್ಟುವ ಅಗತ್ಯವೇ ಇಲ್ಲ. ಸೀಲ್ಡ್ ಬೇರಿಂಗ್ (ಬಾಲ್ಸ್ ಒಳಗೇ ಮುಚ್ಚಿರುವ ಬೇರಿಂಗ್) ಹಬ್ಬಿನಲ್ಲಿ ಇದು ಕಷ್ಟ, ಬೇರಿಂಗಿನ ತೂತೇ ದಪ್ಪ ಆಕ್ಸಲ್ಲಿಗೆ ಅಳತೆ ಮಾಡಿದ್ದು.

ಉಜ್ಜಲೇಬೇಕು ಅಂದರೆ ಸೀಳಿನ ಎರಡೂ ಬದಿಯಿಂದ 0.8 ಮಿ.ಮೀ.ನಷ್ಟು ತೆಗೆಯಿರಿ, ಆಗಾಗ ಆಕ್ಸಲ್ ಇಟ್ಟು ನೋಡಿ. ಸೀಳಿನ ಮೇಲ್ತುದಿ ಎಡಕ್ಕೂ ಬಲಕ್ಕೂ ಒಂದೇ ಎತ್ತರದಲ್ಲಿರಬೇಕು. ಒಂದು ಕಡೆ ಅರ್ಧ ಮಿ.ಮೀ. ಮೇಲೆ ಹೋದರೂ ಟೈರಿನ ತುದಿ ಒಂದು ಮಿ.ಮೀ.ಗಿಂತ ಜಾಸ್ತಿ ವಾಲುತ್ತದೆ. ಆಕ್ಸಲ್ ಸೀಳಿನ ಮೇಲ್ತುದಿಯವರೆಗೆ ಕೂರದೆ ನಟ್ ಬಿಗಿದರೆ, ಗುಂಡಿಗೆ ಬಿದ್ದಾಗ ಚಕ್ರ ಜಾರಬಹುದು.

ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ. 1990ರ ದಶಕದ ಕೆಲವು ಫ್ರೀಸ್ಟೈಲ್ (ಕಸರತ್ತು ಮಾಡುವ ಬಿಎಂಎಕ್ಸ್) ಫೋರ್ಕುಗಳ ಸೀಳು 14 ಮಿ.ಮೀ.! ಅದಕ್ಕೆ ಅಡಾಪ್ಟರ್ ಸಿಗುತ್ತದೆ.

ಸೀಳಿನ ಜೊತೆಗೆ ಎರಡು ಕಾಲುಗಳ ನಡುವಿನ ಅಂತರವನ್ನೂ ಅಳೆಯಿರಿ. ಈಗಿನ ಹಬ್ಬಿಗೆ 100 ಮಿ.ಮೀ. ಬೇಕು. ಕೆಲವು ಅಗ್ಗದ ಹಳೇ ಫೋರ್ಕುಗಳು ಅದಕ್ಕಿಂತ ಕಿರಿದು, ಅವನ್ನು ಸುಮ್ನೆ ಎಳೆದು ಅಗಲ ಮಾಡಬೇಡಿ. ಮೊದಲು ತೆಳುವಾದ ಲಾಕ್‌ನಟ್, ವಾಷರ್ ಹಾಕಿ ಹಬ್ಬಿನ ಅಗಲ ಇಳಿಯುತ್ತದಾ ನೋಡಿ.