‘ಕೂಲ್’ ಅಂದರೆ ಹೊಗಳಿಕೆಯೋ, ಅಲ್ಲವೋ?

ಪ್ರಶ್ನೆ: ಸರ್, ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡ್ತೀನಿ. ನಮ್ಮ ಡೆಮೊಗೆ ‘ಕೂಲ್ ರಿಸೆಪ್ಶನ್’ ಸಿಕ್ಕಿತು ಅಂತ ಲಂಡನ್ನಿನ ಮ್ಯಾನೇಜರ್ ಮೇಲ್ ಹಾಕಿದ್ದರು. ನಾವೆಲ್ಲ ಖುಷಿಯಾಗಿ ಥ್ಯಾಂಕ್ಸ್ ಹೇಳಿದೆವು. ಆಮೇಲೆ ನೋಡಿದರೆ ಅದು ಹೊಗಳಿಕೆ ಅಲ್ವಂತೆ! ಕೋಲ್ಡ್, ಚಿಲ್ಲಿ, ಫ್ರಾಸ್ಟಿ, ಐಸಿ, ಹವೆಗೂ ಇವೇ, ಮನುಷ್ಯರಿಗೂ ಇವೇ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಹೌದು, ಅದು ಹೊಗಳಿಕೆ ಅಲ್ಲ. ಹಾಗಂತ ಬೈಗುಳವೂ ಅಲ್ಲ. ಕೂತು ನೋಡಿದವರು ಅಷ್ಟೇನೂ ಉತ್ಸಾಹ ತೋರಿಸಲಿಲ್ಲ, ಅಷ್ಟೆ. ಅದೇ ಮ್ಯಾನೇಜರ್ ‘ದಟ್ ವಾಸ್ ಕೂಲ್’ ಅಂದಿದ್ದರೆ ನೀವು ಪೇಢೆ ಹಂಚಬಹುದಿತ್ತು. ‘ಶಿ ಈಸ್ ಕೂಲ್’ ಅಂದರೆ ಒಳ್ಳೆಯವಳು, ಸುಮ್ಸುಮ್ನೆ ತಲೆ ತಿನ್ನಲ್ಲ ಅಂತ. ‘ಶಿ ವಾಸ್ ಕೂಲ್ ಟುವರ್ಡ್ಸ್ ಮಿ’ ಅಂದರೆ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ ಅಂತ. ಕೂಲ್ ಪಕ್ಕದಲ್ಲಿ ಟುವರ್ಡ್ಸ್, ರಿಸೆಪ್ಶನ್, ರೆಸ್ಪಾನ್ಸ್ ಇಂಥ ಪದ ಕಂಡರೆ ಥ್ಯಾಂಕ್ಸ್ ಹೇಳೋ ಮುಂಚೆ ಇನ್ನೊಮ್ಮೆ ಓದಿ.

ನಾವು ಇಲ್ಲಿ ಎಡವೋದಕ್ಕೆ ಕಾರಣ ಇದೆ. ನಮ್ಮದು ಬಿಸಿಲ ನಾಡು. ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆಗೆ ಬಂದವರಿಗೆ ಮೇ ತಿಂಗಳು ಹೇಗಿರುತ್ತೆ ಅಂತ ನಾನು ಹೇಳಬೇಕಾ? ನಮಗೆ ತಂಪು ಅಂದರೆ ಸುಖ. ಊಟ ಹಾಕಿದವರಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸುತ್ತೇವೆ, ಕಂಡವರ ಏಳಿಗೆ ಸಹಿಸದವರಿಗೆ ಹೊಟ್ಟೆ ಉರಿ. ಇಂಗ್ಲಿಷ್ ಬೆಳೆದದ್ದು ಚಳಿಯ ನಾಡಿನಲ್ಲಿ, ಅಲ್ಲಿ ಬೆಚ್ಚಗಿರೋದೇ ಸುಖ. ಹಾಗಾಗಿ ಅಲ್ಲಿ ಪ್ರೀತಿ, ಆದರ ಎಲ್ಲ ವಾರ್ಮ್ ಕಡೆಗೆ ಹೋದವು, ಸಿಡುಕು, ನಿರ್ಲಕ್ಷ್ಯ ಎಲ್ಲ ಕೋಲ್ಡ್ ಪಾಲಿಗೆ ಬಂದವು ಅನ್ನೋದು ನನ್ನ ಲೆಕ್ಕ. ನಾವು ಅದನ್ನೆಲ್ಲ ಮುಖದಲ್ಲೇ ನೋಡುತ್ತೇವೆ: ಮುಖ ಗಂಟು ಹಾಕಿಕೊಂಡ, ಮೂತಿ ಊದಿಸಿಕೊಂಡಳು, ಮುಖ ತಿರುಗಿಸಿಕೊಂಡು ಹೋದ. (ಪತ್ರಿಕೆಯವರ ‘ಶೀತಲ ಸಮರ’ ಇಂಗ್ಲಿಷಿನಿಂದ ಬಂದದ್ದು, ಅದನ್ನು ಬಿಡಿ.)

ಮೊದಲು ಹವೆ ನೋಡೋಣ. ಡಿಸೆಂಬರಿನಲ್ಲಿ ಪುಣೆಯವರು ‘ಗುಲಾಬಿ ಥಂಡಿ’ ಅಂತಾರಲ್ಲ, ಬೆಳಗ್ಗೆ ಟಪರಿ ಮುಂದೆ ಎರಡು ಕೈಯಲ್ಲೂ ಕಟಿಂಗ್ ಚಹಾದ ಗ್ಲಾಸು ಹಿಡಿದು ನಿಂತರೆ ಹಾಯೆನಿಸುವ ಒಣ ಚಳಿ, ಅದಕ್ಕೆ ‘ಕ್ರಿಸ್ಪ್’ ಚೆನ್ನಾಗಿ ಹೊಂದುತ್ತೆ. ಕಿವಿ ಸ್ವಲ್ಪ ಚುರುಗುಟ್ಟಿದರೆ ‘ನಿಪ್ಪಿ’, ಇದು ಆಡುಮಾತು, ರಿಪೋರ್ಟಿನಲ್ಲಿ ಬೇಡ. ಸ್ವೆಟರ್ ತರಬೇಕಿತ್ತು ಅನಿಸಿದರೆ ‘ಚಿಲ್ಲಿ’. ಹಲ್ಲು ಕಟಕಟ ಅಂದರೆ ‘ಬಿಟರ್’ ಅಥವಾ ‘ಬೈಟಿಂಗ್’. 1935ರ ಜನವರಿಯಲ್ಲಿ ಪುಣೆಯಲ್ಲಿ 1.7 ಡಿಗ್ರಿಗೆ ಇಳಿದಿತ್ತು, ಅದು ಬಿಟರ್. ಮುಂಬೈಯ ಸಾಂತಾಕ್ರೂಜ್‌ನಲ್ಲಿ 1962ರಲ್ಲಿ 7.4 ಡಿಗ್ರಿ ಆಗಿದ್ದೇ ದೊಡ್ಡ ಸುದ್ದಿ, ಅಲ್ಲಿಯವರು 16ಕ್ಕೇ ಮಂಕಿ ಕ್ಯಾಪ್ ಹುಡುಕೋ ಜನ. ಗೋವಾದವರನ್ನು ಈ ಮಾತಿಗೆ ಎಳೆಯೋದೇ ಬೇಡ. ‘ಫ್ರಾಸ್ಟಿ’ ಅನ್ನಬೇಕಾದರೆ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿರಬೇಕು. ಅದನ್ನು ನೋಡೋಕೆ ಕಾಶ್ಮೀರಕ್ಕೇ ಹೋಗಬೇಕಂತಿಲ್ಲ, ಮಹಾಬಳೇಶ್ವರದ ವೆಣ್ಣಾ ಕೆರೆಯ ಸುತ್ತ ಚಳಿ ಜಾಸ್ತಿಯಾದ ವರ್ಷ ಸ್ಟ್ರಾಬೆರಿ ಎಲೆಗಳ ಮೇಲೇ ಕಾಣುತ್ತೆ.

ಇನ್ನು ಮನುಷ್ಯರು. ಇಲ್ಲೂ ಚಳಿ ಏರಿದ ಹಾಗೆ ಮುನಿಸೂ ಏರುತ್ತೆ. ಕೂಲ್ ಅಂದರೆ ಉತ್ಸಾಹ ಇಲ್ಲ. ಚಿಲ್ಲಿ ಅಂದರೆ ನೀವು ಬಂದದ್ದು ಇಷ್ಟವಾಗಲಿಲ್ಲ. ಫ್ರಾಸ್ಟಿ ಅಂದರೆ ಅದನ್ನು ನಿಮಗೆ ಗೊತ್ತಾಗೋ ಹಾಗೆ ತೋರಿಸಿದರು: ರಜೆ ಮುಗಿಸಿ ಬಂದ ದಿನ ‘ಬಂದ್ರಾ’ ಅಂತಷ್ಟೇ ಹೇಳಿ ಸ್ಕ್ರೀನಿನಿಂದ ಕಣ್ಣೆತ್ತದ ಟೀಮ್ ಲೀಡ್. ಐಸಿಯಲ್ಲಿ ಒಳಗೆ ಕೋಪ ಕುದಿಯುತ್ತಿರುತ್ತೆ, ದನಿ ಮಾತ್ರ ಏರಲ್ಲ, ‘ಐಸಿ ಸ್ಟೇರ್’ ಅಂತ ಬರೆಯೋದು ಇಂಥ ನೋಟಕ್ಕೇ. ಕೋಲ್ಡ್ ಬೇರೆ ಜಾತಿ. ಅದು ಒಂದು ದಿನದ ಮುನಿಸಲ್ಲ, ಆ ಮನುಷ್ಯನಿಗೆ ಅಂತಃಕರಣವೇ ಇಲ್ಲ ಅನ್ನೋ ತೀರ್ಪು, ನೋಡಿ ಬಳಸಿ.

ಇನ್ನೊಂದು ಪೇಚು: ‘ಹಿ ಈಸ್ ಚಿಲ್ಲಿ’ ಅಂದರೆ ಅವನಿಗೆ ಚಳಿಯಾಗ್ತಿದೆ ಅಂತಲೇ ಕೇಳಿಸುತ್ತೆ. ಮುನಿಸು ಹೇಳಬೇಕಾದರೆ ಚಿಲ್ಲಿಯನ್ನು ರಿಸೆಪ್ಶನ್, ಟೋನ್, ಅಟ್ಮಾಸ್ಫಿಯರ್ ಇವುಗಳ ಮುಂದೆ ಹಾಕಿ. ‘ಚಿಲ್ಲಿಂಗ್’ ಅಂದರೆ ಮೈ ಜುಂ ಎನ್ನಿಸುವಂಥದ್ದು. ಕೊಲೆ ಕೇಸಿನ ಸುದ್ದಿಗೆ ಸರಿ, ಲೋಣಾವಳದ ಹವೆಗೆ ಅಲ್ಲ. ‘ಬಿಟರ್’ ಹವೆಯಲ್ಲಿ ಕೊರೆಯುವ ಚಳಿ, ಮನುಷ್ಯರಲ್ಲಿ ಹಳೆಯ ಅನ್ಯಾಯ ಮರೆಯದೆ ಮನಸ್ಸು ಕಹಿ ಮಾಡಿಕೊಂಡವರು. ‘ಫ್ರಿಜಿಡ್’ ಅನ್ನು ಹವೆಗೆ ಮಾತ್ರ ಇಟ್ಟುಕೊಳ್ಳಿ, ಹೆಂಗಸರ ಬಗ್ಗೆ ಹೇಳಿದರೆ ಅದಕ್ಕೆ ಹಾಸಿಗೆಯ ಅರ್ಥ ಅಂಟಿಕೊಂಡಿದೆ, ಆಫೀಸಿನಲ್ಲಿ ರಾದ್ಧಾಂತ ಆಗುತ್ತೆ.

‘ಕೋಲ್ಡ್ ಶೋಲ್ಡರ್’ ಬಗ್ಗೆ ಒಂದು ಕತೆ ಓಡಾಡುತ್ತೆ, ಬೇಡದ ನೆಂಟರಿಗೆ ತಣ್ಣಗಾದ ಕುರಿಯ ಭುಜದ ಮಾಂಸ ಬಡಿಸುತ್ತಿದ್ದರು ಅಂತ. ಕೇಳೋಕೆ ಚೆನ್ನಾಗಿದೆ, ಆಧಾರ ಇಲ್ಲ. ಬರಹದಲ್ಲಿ ಈ ನುಡಿಗಟ್ಟು ಮೊದಲು ಸಿಗೋದು ವಾಲ್ಟರ್ ಸ್ಕಾಟ್ 1816ರಲ್ಲಿ ಬರೆದ ‘ದಿ ಆಂಟಿಕ್ವರಿ’ ಕಾದಂಬರಿಯಲ್ಲಿ, ಅಲ್ಲಿ ಊಟದ ಸುದ್ದಿಯೇ ಇಲ್ಲ. ನಾವು ಮುಖ ತಿರುಗಿಸಿದರೆ ಅವರು ಭುಜ ತಿರುಗಿಸಿದರು, ಅಷ್ಟೆ.

ಅಪ್ರೈಸಲ್ ಫಾರಂ ತುಂಬೋವಾಗ ಚಳಿಯ ಪದಗಳನ್ನೆಲ್ಲ ಬಿಟ್ಟುಬಿಡಿ. ಮಾತು ಕಡಿಮೆ, ಆದರೆ ಒಳ್ಳೆಯವರು ಅಂದರೆ ‘ರಿಸರ್ವ್ಡ್’. ಬೇಕಂತಲೇ ದೂರ ಇರುವವರು ‘ಅಲೂಫ್’. ಇದು ಹಡಗಿನವರ ಮಾತು, ದಡಕ್ಕೆ ತಾಗದ ಹಾಗೆ ಗಾಳಿಯತ್ತ ಹಡಗು ತಿರುಗಿಸೋದರಿಂದ ಬಂದದ್ದು. ಒಂದೇ ಪದದಲ್ಲಿ ಉತ್ತರ ಎಸೆಯುವವರು ‘ಕರ್ಟ್’.

ಮತ್ತೆ, ಹೋಟೆಲ್ ಮೆನುವಿನಲ್ಲಿ ‘ಚಿಲ್ಲಿ ಪನೀರ್’ ಅಂತ ಇರುತ್ತಲ್ಲ, ಅಲ್ಲೂ ಸ್ಪೆಲಿಂಗ್ ನೋಡಿ. ಕೊನೆಗೆ ‘ಐ’ ಇದ್ದರೆ ಮೆಣಸಿನಕಾಯಿ, ‘ವೈ’ ಇದ್ದರೆ ಆ ಪನೀರಿಗೆ ಚಳಿಯಾಗ್ತಿದೆ.