ಸ್ಪಾನರ್ ತಿರುಗಿದ ಮಾತ್ರಕ್ಕೆ ನಟ್ಟು ಬಿಚ್ಚಿದ ಹಾಗಲ್ಲ

"ಚೆನ್ನಾಗಿ ಬಿಚ್ಚಿಕೊಂಡು ಬರ್ತಾ ಇತ್ತು ಸಾರ್, ಒಮ್ಮೆಗೇ ಕಟ್ ಆಯ್ತು."

ಕುಂದಾಪುರದ ಹತ್ತಿರ 22 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಈ ಮಾತು ಕೇಳದ ವರ್ಷ ಒಂದೂ ಇಲ್ಲ. ಹೇಳುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ನಟ್ಟಿನ ಸಮೇತ ತುಂಡಾದ ಸ್ಟಡ್ಡು. ಸ್ಟಡ್ಡು ಅಂದರೆ ತಲೆಯಿಲ್ಲದ ಬೋಲ್ಟು; ಒಂದು ತುದಿ ಎಂಜಿನ್ನಿನ ಕಡೆ ಕೂತಿರುತ್ತದೆ, ಇನ್ನೊಂದು ತುದಿಯ ಥ್ರೆಡ್ಡಿಗೆ, ಅಂದರೆ ಸ್ಕ್ರೂ ಗೆರೆಗೆ, ನಟ್ಟು ಹಾಕುವುದು. ನಾನು ಮೊದಲು ಆ ತುಂಡನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಮುರಿದ ಜಾಗದ ಪಕ್ಕದಲ್ಲೇ ಥ್ರೆಡ್ಡು ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿರುತ್ತದೆ. ಅಂದರೆ ನಟ್ಟು ಬಿಚ್ಚಿಕೊಂಡು ಬರಲೇ ಇಲ್ಲ. ಬರುತ್ತಿದೆ ಅಂತ ಅವರಿಗೆ ಅನ್ನಿಸಿತು, ಅಷ್ಟೇ.

ನಮ್ಮ ಕರಾವಳಿಯಲ್ಲಿ ಗಾಡಿಯ ಅಡಿಭಾಗಕ್ಕೆ ತುಕ್ಕು ಹಿಡಿಯಲು ಬೇರೆ ಕಾರಣ ಬೇಕಿಲ್ಲ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಸೈಲೆನ್ಸರಿನ ನಟ್ಟುಗಳಿಗಂತೂ ದಿನಾ ಕಾಯುವುದು, ತಣಿಯುವುದು, ನೆನೆಯುವುದು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಥ್ರೆಡ್ಡಿನ ಸಂದಿಯಲ್ಲಿ ಉಬ್ಬಿ ನಟ್ಟು, ಸ್ಟಡ್ಡು ಎರಡನ್ನೂ ಒಂದೇ ತುಂಡಿನ ಹಾಗೆ ಕಚ್ಚಿಸಿಬಿಡುತ್ತದೆ.

ಎಲ್ಲ ಬೋಲ್ಟಿಗೂ ಇಷ್ಟು ಚಿಂತೆ ಬೇಡ. ಹಿಂದಿನ ಪೈಪುಗಳ ಜೋಡಣೆಯಲ್ಲಿ ಈ ಕಡೆಯಿಂದ ಆ ಕಡೆಗೆ ತೂರಿ ಹೋಗುವ ಬೋಲ್ಟು ಇದ್ದರೆ ಮುರಿದರೂ ಪರವಾಗಿಲ್ಲ, ಹೊಸದು ಹಾಕಿದರಾಯಿತು. ನಾನೇ ಎಷ್ಟೋ ಸಲ ಗ್ರೈಂಡರಿನಲ್ಲಿ ಕತ್ತರಿಸಿ ತೆಗೆಯುತ್ತೇನೆ. ಜೀವ ಹಿಡಿದುಕೊಂಡು ಮಾಡಬೇಕಾದ್ದು ಮ್ಯಾನಿಫೋಲ್ಡಿಗೆ (ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸೇರಿಸುವ ಭಾಗ), ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗ) ಕೂತಿರುವ ಸ್ಟಡ್ಡುಗಳ ಕೆಲಸ. ಈಗಿನ ಹೆಚ್ಚಿನ ಕಾರುಗಳಲ್ಲಿ ಹೆಡ್ಡು ಅಲ್ಯೂಮಿನಿಯಂ. ಅದರೊಳಗೆ ಸ್ಟಡ್ಡು ಮುರಿದರೆ ಕೊರೆದು ತೆಗೆಯಲು ಹೋದಾಗ ಡ್ರಿಲ್ಲಿನ ಮೊನೆ ಗಟ್ಟಿ ಸ್ಟಡ್ಡನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ಅರ್ಧ ಗಂಟೆಯ ಕೆಲಸ ಹೆಡ್ಡು ಇಳಿಸುವವರೆಗೆ ಹೋಗುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಕಚ್ಚಿಕೊಂಡ ನಟ್ಟು ನಿಜವಾಗಿ ಬಿಟ್ಟರೆ ಅದಕ್ಕೊಂದು ಗುರುತುಂಟು. "ಟಕ್" ಅನ್ನುತ್ತದೆ, ಇಲ್ಲವೇ ಹಳೇ ಬಾಗಿಲಿನ ಹಾಗೆ "ಕಿರ್" ಅನ್ನುತ್ತದೆ. ಬಿಟ್ಟ ಮೇಲೆ ಕೈಗೆ ಬೇಕಾದ ಬಲ ಕಡಿಮೆಯಾಗುತ್ತದೆ. ಸ್ಟಡ್ಡು ತಿರುಚಿಕೊಳ್ಳುವಾಗ ಹಾಗಾಗುವುದಿಲ್ಲ. ಸದ್ದಿಲ್ಲ. ಗಟ್ಟಿ ಬೆಲ್ಲದ ಪಾಕದಲ್ಲಿ ಸೌಟು ತಿರುಗಿಸಿದ ಹಾಗೆ ಸ್ಪಾನರ್ ಮೆತ್ತಗೆ ಬರುತ್ತದೆ. ಬಲ ಕಡಿಮೆಯಾಗುವುದೂ ಇಲ್ಲ, ಜಾಸ್ತಿಯಾಗುವುದೂ ಇಲ್ಲ. ಆ ಮೆತ್ತಗೆ ಬರುವುದನ್ನೇ ಜನ "ಬಿಡ್ತಾ ಉಂಟು" ಅಂತ ಖುಷಿಪಟ್ಟು ಇನ್ನೂ ಎಳೆಯುತ್ತಾರೆ. ಅಲ್ಲೇ ಕೈ ತೆಗೆಯಬೇಕಿತ್ತು.

ಕೈಯ ಅಂದಾಜು ಸಾಲದಿದ್ದರೆ ಕಣ್ಣಿನಿಂದ ನೋಡಿ. ನಟ್ಟಿನ ಮೇಲೂ ಸ್ಟಡ್ಡಿನ ತುದಿಯ ಮೇಲೂ ಸೇರಿಸಿ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ನಟ್ಟಿನ ಗೆರೆ ಮಾತ್ರ ಸರಿದರೆ ಒಳ್ಳೆಯದು, ಥ್ರೆಡ್ಡು ಬಿಡುತ್ತಿದೆ. ಎರಡೂ ಗೆರೆ ಒಟ್ಟಿಗೆ ತಿರುಗಿದರೆ ನಿಲ್ಲಿಸಿ. ಆಗ ಎರಡರಲ್ಲಿ ಒಂದು. ಸ್ಟಡ್ಡೇ ಬುಡದಿಂದ ಬಿಚ್ಚಿಕೊಂಡು ಬರುತ್ತಿರಬಹುದು, ಅದಕ್ಕೆ ಹೆದರಬೇಕಿಲ್ಲ. ಇಲ್ಲವೇ ಬುಡದಲ್ಲಿ ತಿರುಚುತ್ತಿರಬಹುದು. ಯಾವುದು ಅಂತ ನಟ್ಟಿನ ಹಿಂದೆ ನೋಡಿದರೆ ಗೊತ್ತಾಗುತ್ತದೆ. ಸಾಮಾನ್ಯ 8 ಎಂಎಂ ಸ್ಟಡ್ಡಿನ ಥ್ರೆಡ್ಡು ಒಂದು ಸುತ್ತಿಗೆ 1.25 ಎಂಎಂ ಸರಿಯುತ್ತದೆ. ಅರ್ಧ ಸುತ್ತು ತಿರುಗಿದ್ದರೆ ನಟ್ಟಿನ ಹಿಂದೆ ಅರ್ಧ ಎಂಎಂಗಿಂತ ಜಾಸ್ತಿ ಸಂದಿ ಬಿದ್ದಿರಲೇಬೇಕು. ವಾಷರ್ ಇದ್ದರೆ ಅದು ಸಡಿಲವಾಗಿರಬೇಕು. ತುಕ್ಕಿಗೆ ಅಂಟಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಸ್ಪಾನರ್ ಅರ್ಧ ಸುತ್ತು ಬಂದಿದೆ, ಹಿಂದೆ ಸಂದಿ ಇಲ್ಲ ಅಂದರೆ ನೀವು ಸ್ಟಡ್ಡು ಹೊಸೆಯುತ್ತಿದ್ದೀರಿ.

ಇದಕ್ಕೇ ನಾನು ಸ್ಪಾನರಿನ ಹಿಡಿಗೆ ಉದ್ದದ ಪೈಪ್ ತೂರಿಸಿ ಎಳೆಯುವವರನ್ನು ಬೈಯುವುದು. 8 ಎಂಎಂ ಸ್ಟಡ್ಡಿನ ನಟ್ಟನ್ನು ಬಿಗಿ ಮಾಡುವುದೇ ಸಾಮಾನ್ಯವಾಗಿ 2ರಿಂದ 2.5 ಕೆಜಿ-ಮೀಟರಿಗೆ. 4ರ ಹತ್ತಿರ ಹೋದರೆ ಹೊಸ ಸ್ಟಡ್ಡಿಗೂ ಅಪಾಯ. ಒಂದು ಮೀಟರ್ ಪೈಪಿನ ತುದಿಯಲ್ಲಿ ಬರೀ 4 ಕೆಜಿ ಎಳೆದರೆ ಅಷ್ಟಾಯಿತು. ಒಂದು ಕೊಡದ ನೀರಿನ ಭಾರವೂ ಬೇಡ. ಮೇಲಾಗಿ ಪೈಪ್ ಉದ್ದವಾದಷ್ಟೂ ನಟ್ಟು ಏನು ಹೇಳುತ್ತಿದೆ ಅಂತ ಕೈಗೆ ಗೊತ್ತಾಗುವುದಿಲ್ಲ. ಗಿಡ್ಡ ಹಿಡಿಯ, ನಟ್ಟನ್ನು ಸುತ್ತಲೂ ಹಿಡಿಯುವ ಆರು ಮೂಲೆಯ ಸಾಕೆಟ್ ಹಾಕಿ. ಹಾಕುವ ಮೊದಲು ವೈರ್ ಬ್ರಷ್ಷಿನಿಂದ ತುಕ್ಕು ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಸಾಕೆಟ್ ಪೂರ್ತಿ ಕೂರುವುದಿಲ್ಲ, ಮೂಲೆ ಸ್ಲಿಪ್ ಆಗುತ್ತದೆ.

ಮೆತ್ತಗೆ ಬರುತ್ತಿದೆ ಅನ್ನಿಸಿತು, ಆಮೇಲೇನು? ಸ್ವಲ್ಪವೇ ಸ್ವಲ್ಪ ವಾಪಸ್ ಬಿಗಿ ಕಡೆಗೆ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ. ಡಬ್ಲ್ಯೂಡಿ-40 ಸ್ಪ್ರೇ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಅದನ್ನು 1953ರಲ್ಲಿ ಮಾಡಿದ್ದು ಮುಖ್ಯವಾಗಿ ನೀರಿನಂಶ ಓಡಿಸಲು. ಪೆನೆಟ್ರೇಟಿಂಗ್ ಆಯಿಲ್ ಅಂತಲೇ ಕೇಳಿ ತಂದರೆ ಒಳ್ಳೆಯದು. ಎಂಜಿನ್ ತಣ್ಣಗಿರುವಾಗ ಮಾತ್ರ ಹಾಕಿ, ಕಾದ ಮ್ಯಾನಿಫೋಲ್ಡಿಗೆ ಹೊಡೆದರೆ ಬೆಂಕಿ ಹತ್ತಬಹುದು. ಎಣ್ಣೆ ಹಾಕಿ ನಟ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಬಿಡಿ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ಹೀಗೆ ಎರಡು ಮೂರು ದಿನ. ಐದು ನಿಮಿಷದಲ್ಲಿ ಎಣ್ಣೆ ಕೆಲಸ ಮಾಡಬೇಕು ಅಂದರೆ ಹೇಗೆ ಮಾರಾಯ್ರೇ? ಹತ್ತು ವರ್ಷದ ತುಕ್ಕು ಅದು.

ಗ್ಯಾಸಿನಲ್ಲಿ ನಟ್ಟು ಕಾಯಿಸುವುದು ನಮ್ಮಲ್ಲಿ ದಿನಾ ನಡೆಯುತ್ತದೆ. ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲೇ ಪೆಟ್ರೋಲ್ ಲೈನ್, ವೈರಿಂಗ್, ರಬ್ಬರ್ ಇರುತ್ತವೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದೂ ಇಲ್ಲ, ನೋಡುತ್ತಿದ್ದ ಹಾಗೆ ಕರಗುತ್ತದೆ. ಇನ್ನು ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಗಟ್ಟಿ ನಟ್ಟು ಎಳೆಯುವಾಗ ಇಡೀ ಗಾಡಿ ಅಲುಗುತ್ತದೆ. ಗಾಡಿಯ ಅಡಿಗೆ ಆಧಾರ ಕೊಡುವ ಸ್ಟ್ಯಾಂಡ್ ಇಲ್ಲ ಅಂದರೆ ಆ ಕೆಲಸವೇ ಬೇಡ.

ಹೋದ ವರ್ಷ ಮಳೆ ನಿಂತ ಮೇಲೆ ಒಬ್ಬಳು ಕಾಲೇಜು ಹುಡುಗಿ ಫೋನ್ ಮಾಡಿದಳು. ಅಪ್ಪನ ಹಳೇ ಕಾರು, ಮ್ಯಾನಿಫೋಲ್ಡಿನ ಬುಡದಲ್ಲಿ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೋಗಿ ಸದ್ದು. "ಅಣ್ಣಾ, ಕಾಲು ಸುತ್ತು ಬಂತು, ಆದ್ರೆ ವಾಷರ್ ಅಲುಗ್ತಾ ಇಲ್ಲ. ಯಾಕೋ ಸರಿ ಕಾಣ್ಲಿಲ್ಲ, ನಿಲ್ಸಿದೆ" ಅಂದಳು. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಕೂತು ಮಾತಾಡಿದೆ. ನಿಲ್ಲಿಸುವುದು ಯಾರಿಗೂ ಬರುವುದಿಲ್ಲ, ಅವಳಿಗೆ ಬಂತು. ಮೂರು ದಿನ ಎಣ್ಣೆ ಹಾಕಿಸಿದೆ. ನಾಲ್ಕನೇ ದಿನ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು ಕೆಲಸಕ್ಕೆ ಕೂತಳು. ಎಂಟನೇ ಒಂದು ಸುತ್ತು ಬಿಚ್ಚು, ವಾಪಸ್ ಬಿಗಿ, ಎಣ್ಣೆ, ಮತ್ತೆ ಬಿಚ್ಚು ಅಂತ ನಾನು ಇಲ್ಲಿಂದ ಹೇಳುತ್ತಿದ್ದೆ. "ಟಕ್" ಅಂದದ್ದು ನನಗೂ ಕೇಳಿಸಿತು. ಮೂರು ನಟ್ಟಿನಲ್ಲಿ ಎರಡು ಹಾಗೆ ಬಂದವು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಅದನ್ನು ಮುಟ್ಟದೆ, ಬಿಚ್ಚಿದ ಎರಡನ್ನು ವಾಪಸ್ ಹಾಕಿ ಗಾಡಿಯನ್ನು ಮೆಲ್ಲಗೆ ಇಲ್ಲಿಗೆ ತಂದಳು. ಗ್ಯಾಸಿನಲ್ಲಿ ನಟ್ಟು ಕಾಯಿಸಿ ಹತ್ತು ನಿಮಿಷದಲ್ಲಿ ತೆಗೆದುಕೊಟ್ಟೆ. ಹೊಸ ನಟ್ಟುಗಳಿಗೆ, ಮುಂದೆ ಕಚ್ಚಿಕೊಳ್ಳದ ಹಾಗೆ, ಆಂಟಿ-ಸೀಜ್ ಪೇಸ್ಟ್ ಸವರಿ ಅವಳೇ ಕೂರಿಸಿದಳು.